ಅವಳಿ ಮಸೂರದ ಫಿಲ್ಮ್ ಕ್ಯಾಮೆರಾ

ಅವಳಿ ಮಸೂರದ ಫಿಲ್ಮ್ ಕ್ಯಾಮೆರಾ ಎಂದರೆ ಒಂದರ ಮೇಲೊಂದು ಜೋಡಿಸಿದ ಎರಡು ಮಸೂರಗಳುಳ್ಳ, ರೋಲ್ ಫಿಲ್ಮ್ ಬಳಸುವ ಛಾಯಾಗ್ರಹಣ ಯಂತ್ರ. ಮೇಲಿನ ಮಸೂರ ದೃಶ್ಯವನ್ನು ನೋಡುವುದಕ್ಕೆ, ಕೆಳಗಿನದು ಚಿತ್ರ ತೆಗೆಯುವುದಕ್ಕೆ. ಕ್ಯಾಮೆರಾವನ್ನು ಎದೆಯ ಮಟ್ಟದಲ್ಲಿ ಹಿಡಿದು, ತಲೆ ತಗ್ಗಿಸಿ, ಮೇಲ್ಭಾಗದ ಗಾಜಿನ ಮೇಲೆ ಮೂಡುವ ಬಿಂಬವನ್ನು ನೋಡುವುದು ಇದರ ವೈಶಿಷ್ಟ್ಯ. ಡಿಜಿಟಲ್ ಕ್ಯಾಮೆರಾಗಳು ಬರುವ ಮುನ್ನ ಭಾರತದ ಸ್ಟುಡಿಯೋಗಳಲ್ಲಿಯೂ ಮದುವೆ ಮನೆಗಳಲ್ಲಿಯೂ ಇದು ವ್ಯಾಪಕವಾಗಿ ಬಳಕೆಯಲ್ಲಿತ್ತು. ಇದರ ಬಳಕೆ ಹಾಗೂ ರಕ್ಷಣೆಯ ಕ್ರಮವನ್ನು ಇಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶದ ಉದಾಹರಣೆಗಳೊಂದಿಗೆ ವಿವರಿಸಲಾಗಿದೆ.

ಇತಿಹಾಸ

ಎರಡು ಮಸೂರಗಳ ಕ್ಯಾಮೆರಾಗಳು 19ನೆಯ ಶತಮಾನದಲ್ಲಿಯೇ ಇದ್ದವು. ಆದರೆ ಕೈಯಲ್ಲಿ ಹಿಡಿಯಬಹುದಾದ ಅಡಕವಾದ ರೂಪ ಜನಪ್ರಿಯವಾದದ್ದು 1929ರಲ್ಲಿ ಜರ್ಮನಿಯ ಫ್ರಾಂಕೆ ಮತ್ತು ಹೈಡೆಕೆ ಸಂಸ್ಥೆ ಹೊರತಂದ ರೋಲೈಫ್ಲೆಕ್ಸ್‌ನಿಂದ. ಮುಂದೆ ಜಪಾನಿನ ಯಾಶಿಕಾ ಸಂಸ್ಥೆ ಕಡಿಮೆ ಬೆಲೆಯಲ್ಲಿ ಇದೇ ಬಗೆಯ ಕ್ಯಾಮೆರಾಗಳನ್ನು ತಯಾರಿಸಿತು. 1970ರಲ್ಲಿ ಬಂದ ಯಾಶಿಕಾ-ಮ್ಯಾಟ್ 124 ಜಿ ಈ ಸಾಲಿನ ಕೊನೆಯ ಮಾದರಿ. ಅದರ ತಯಾರಿಕೆ 1986ರವರೆಗೆ ನಡೆಯಿತು. ಭಾರತದಲ್ಲಿ ಕಪ್ಪು-ಬಿಳುಪು ಫಿಲ್ಮನ್ನು ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸಂಸ್ಥೆ 'ಇಂದು' ಎಂಬ ಹೆಸರಿನಲ್ಲಿ ತಯಾರಿಸುತ್ತಿತ್ತು. ಕೇಂದ್ರ ಸರಕಾರದ ಈ ಸಂಸ್ಥೆ 1960ರಲ್ಲಿ ಸ್ಥಾಪಿತವಾಯಿತು.

ರಚನೆ

ಯಾಶಿಕಾ-ಮ್ಯಾಟ್ 124 ಜಿ ಮಾದರಿಯಲ್ಲಿ ಚಿತ್ರ ತೆಗೆಯುವ ಮಸೂರದ ಸಂಗಮದೂರ 80 ಮಿ.ಮೀ., ಗರಿಷ್ಠ ದ್ಯುತಿರಂಧ್ರ ಎಫ್/3.5. ಶಟರಿನ ವೇಗವನ್ನು 1 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ ಹೊಂದಿಸಬಹುದು. 'ಬಿ' ಸ್ಥಾನದಲ್ಲಿ ಗುಂಡಿ ಒತ್ತಿರುವಷ್ಟು ಹೊತ್ತು ಶಟರ್ ತೆರೆದಿರುತ್ತದೆ. 120 ಅಳತೆಯ ಒಂದು ರೋಲಿನಲ್ಲಿ 6×6 ಸೆಂ.ಮೀ. ಗಾತ್ರದ 12 ಚಿತ್ರಗಳು ಬರುತ್ತವೆ.

ಶಟರ್ ಸಂಪೂರ್ಣ ಯಾಂತ್ರಿಕವಾದುದು. ಬ್ಯಾಟರಿ ಬೇಕಾಗುವುದು ಬೆಳಕಿನ ಮಾಪಕಕ್ಕೆ ಮಾತ್ರ. ಮಾಪಕಕ್ಕೆಂದು ಮೊದಲು ಬಳಸುತ್ತಿದ್ದ 1.35 ವೋಲ್ಟಿನ ಪಾದರಸದ ಬ್ಯಾಟರಿ ಈಗ ತಯಾರಾಗುತ್ತಿಲ್ಲ. ಅದರ ಬದಲು 1.5 ವೋಲ್ಟಿನದನ್ನು ಹಾಕಿದರೆ ಮಾಪಕ ತಪ್ಪು ಅಳತೆ ತೋರಿಸಬಹುದು. ಆದುದರಿಂದ ಕಲಿಯುವವರು ಮಾಪಕವನ್ನು ನೆಚ್ಚದೆ ಬೆಳಕನ್ನು ಕಣ್ಣಿನಿಂದಲೇ ಅಂದಾಜಿಸುವ ಅಭ್ಯಾಸ ಮಾಡಿಕೊಳ್ಳುವುದು ಉತ್ತಮ.

ಫಿಲ್ಮ್ ತುಂಬುವ ಕ್ರಮ

1. ನೆರಳಿನಲ್ಲಿ ನಿಂತು ಹಿಂಬದಿಯ ಮುಚ್ಚಳ ತೆರೆಯಬೇಕು. ಖಾಲಿ ಸುರುಳಿಯನ್ನು ಮೇಲಿನ ಗೂಡಿಗೂ ಹೊಸ ರೋಲನ್ನು ಕೆಳಗಿನ ಗೂಡಿಗೂ ಹಾಕಬೇಕು.
2. ಕಾಗದದ ಕಪ್ಪು ಮೈ ಮಸೂರದ ಕಡೆಗಿರುವಂತೆ ಎಳೆದು, ತುದಿಯನ್ನು ಖಾಲಿ ಸುರುಳಿಯ ಸೀಳಿಗೆ ಸಿಕ್ಕಿಸಬೇಕು.
3. ಕಾಗದದ ಮೇಲಿನ ಬಾಣದ ಗುರುತು ಕ್ಯಾಮೆರಾದೊಳಗಿನ ಆರಂಭದ ಗುರುತಿಗೆ ಸರಿಹೊಂದುವವರೆಗೆ ಬಲಬದಿಯ ಹಿಡಿಕೆಯನ್ನು ತಿರುಗಿಸಬೇಕು.
4. ಮುಚ್ಚಳ ಹಾಕಿ, ಹಿಡಿಕೆ ತಾನಾಗಿ ನಿಲ್ಲುವವರೆಗೆ ಮುಂದಕ್ಕೆ ತಿರುಗಿಸಬೇಕು; ಆಗ ಎಣಿಕೆಯ ಕಿಂಡಿಯಲ್ಲಿ 1 ಕಾಣುತ್ತದೆ. ಬಳಿಕ ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಿದರೆ ಶಟರ್ ಸಜ್ಜಾಗುತ್ತದೆ.

ಹಿಡಿಕೆ ಬಿಗಿಯಾದರೆ ಬಲಪ್ರಯೋಗ ಮಾಡಬಾರದು. ಹೊಸಬರು ಅವಧಿ ಮೀರಿದ ಒಂದು ರೋಲನ್ನು ಬಲಿಕೊಟ್ಟು, ಹಗಲು ಬೆಳಕಿನಲ್ಲಿಯೇ ನಾಲ್ಕಾರು ಬಾರಿ ತುಂಬಿ ಬಿಚ್ಚಿ ಅಭ್ಯಾಸ ಮಾಡುವುದು ವಾಡಿಕೆ.

ಬೆಳಕಿನ ಲೆಕ್ಕ

ದ್ಯುತಿರಂಧ್ರದ ಅಂಕ ಹೆಚ್ಚಿದಂತೆ ರಂಧ್ರ ಕಿರಿದಾಗುತ್ತದೆ. 4, 5.6, 8, 11, 16 ಎಂಬ ಸಾಲಿನಲ್ಲಿ ಒಂದೊಂದು ಮೆಟ್ಟಿಲು ಏರಿದಾಗಲೂ ಒಳಬರುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಶಟರಿನ ಸಮಯವನ್ನು ಎರಡು ಪಟ್ಟು ಮಾಡಿದರೆ ಆ ನಷ್ಟ ತುಂಬುತ್ತದೆ. ಈ ಕೊಡು-ಕೊಳ್ಳುವಿಕೆಯನ್ನು ಅರಿಯುವುದೇ ಕಲಿಕೆಯ ತಿರುಳು.

ಹೊರಾಂಗಣಕ್ಕೆ ಸರಳವಾದೊಂದು ನಿಯಮವಿದೆ: ನಿಚ್ಚಳ ಬಿಸಿಲಿನಲ್ಲಿ ರಂಧ್ರವನ್ನು ಎಫ್/16ಕ್ಕೆ ಇಟ್ಟು, ಫಿಲ್ಮಿನ ವೇಗಾಂಕಕ್ಕೆ ಸಮೀಪದ ಶಟರ್ ವೇಗವನ್ನು ಆರಿಸಬೇಕು. ಐಎಸ್‌ಒ 100 ಫಿಲ್ಮಿಗೆ 1/125, ಐಎಸ್‌ಒ 400ಕ್ಕೆ 1/500. ತೆಳು ಮೋಡವಿದ್ದರೆ ಎಫ್/11, ದಟ್ಟ ಮೋಡವಿದ್ದರೆ ಎಫ್/8 ಅಥವಾ 5.6, ತೆರೆದ ನೆರಳಿಗೆ ಎಫ್/4. ಪಾಣೆಮಂಗಳೂರಿನ ನೇತ್ರಾವತಿ ತೀರದಂತಹ ಬಯಲು ಜಾಗ ಈ ನಿಯಮವನ್ನು ಪರೀಕ್ಷಿಸಲು ತಕ್ಕದ್ದು. ಬೆಳ್ತಂಗಡಿ ತಾಲ್ಲೂಕಿನ ಗಡಾಯಿಕಲ್ಲನ್ನು ಕಪ್ಪು-ಬಿಳುಪಿನಲ್ಲಿ ತೆಗೆಯುವಾಗ ಹಳದಿ ಫಿಲ್ಟರ್ ಹಾಕಿದರೆ ನೀಲಿ ಆಗಸ ಗಾಢವಾಗಿ, ಬಂಡೆ ಎದ್ದು ಕಾಣುತ್ತದೆ. ಫಿಲ್ಟರ್ ನುಂಗುವ ಬೆಳಕನ್ನು ತುಂಬಲು ಸುಮಾರು ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಡಬೇಕಾಗುತ್ತದೆ.

ಒಳಾಂಗಣದಲ್ಲಿ ಈ ನಿಯಮ ಸಲ್ಲದು. 1430ರಲ್ಲಿ ನಿರ್ಮಾಣ ಆರಂಭವಾದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಂಟಪಗಳಲ್ಲಿ ಹೊರಗಿನ ಬಿಸಿಲಿಗೂ ಒಳಗಿನ ಮಬ್ಬಿಗೂ ಅಪಾರ ಅಂತರವಿದೆ; ಎರಡನ್ನೂ ಒಂದೇ ಚಿತ್ರದಲ್ಲಿ ಹಿಡಿಯುವುದು ಫಿಲ್ಮಿಗೆ ಕಷ್ಟ. ನೆರಳಿನಲ್ಲಿರುವ ಕಂಬದ ಕೆತ್ತನೆಯನ್ನು ಆಧಾರವಾಗಿ ಇಟ್ಟುಕೊಂಡು ಅಳೆಯಬೇಕು. ಅಳತೆ ಎಫ್/5.6ರಲ್ಲಿ ಅರ್ಧ ಸೆಕೆಂಡು ಎಂದು ಬಂದರೆ, ಎಫ್/8ರಲ್ಲಿ 1 ಸೆಕೆಂಡು, ಎಫ್/11ರಲ್ಲಿ 2 ಸೆಕೆಂಡು ಬೇಕು. ಹತ್ತಿರದ ಮತ್ತು ದೂರದ ಕಂಬಗಳೆರಡೂ ಸ್ಫುಟವಾಗಿ ಬರಬೇಕಾದರೆ ಕಿರಿದಾದ ರಂಧ್ರವೇ ಬೇಕಾಗುವುದರಿಂದ ಮುಕ್ಕಾಲಿ ಸ್ಟ್ಯಾಂಡ್ ಅನಿವಾರ್ಯ. ಸಮಯ 1 ಸೆಕೆಂಡನ್ನು ಮೀರಿದಾಗ ಫಿಲ್ಮಿನ ಗ್ರಹಣಶಕ್ತಿ ತಗ್ಗುವುದರಿಂದ ಲೆಕ್ಕಕ್ಕಿಂತ ಇನ್ನಷ್ಟು ಸಮಯ ಕೊಡಬೇಕಾಗುತ್ತದೆ. ಬಸದಿ, ದೇವಾಲಯಗಳ ಒಳಗೆ ಚಿತ್ರ ತೆಗೆಯುವ ಮುನ್ನ ಅಲ್ಲಿನವರ ಅನುಮತಿ ಪಡೆಯಬೇಕು.

ಬಿಂಬ ಮತ್ತು ಚೌಕಟ್ಟು

ನೋಡುವ ಗಾಜಿನ ಮೇಲೆ ಬಿಂಬ ನೆಟ್ಟಗೆ ಕಂಡರೂ ಎಡ-ಬಲ ಅದಲುಬದಲಾಗಿರುತ್ತದೆ. ಬಲಕ್ಕೆ ಓಡುವ ಕಂಬಳದ ಕೋಣಗಳು ಗಾಜಿನಲ್ಲಿ ಎಡಕ್ಕೆ ಓಡುತ್ತವೆ. ಕಲಿಯುವವರ ಕೈ ಇಲ್ಲಿಯೇ ತಪ್ಪುತ್ತದೆ. ಇಂತಹ ಚಲನೆಯನ್ನು ಹಿಂಬಾಲಿಸಲು ಮೇಲ್ಭಾಗದ ಮುಚ್ಚಳದಲ್ಲಿರುವ ನೇರನೋಟದ ಕಿಂಡಿಯನ್ನು ಬಳಸಬೇಕು. ಅದರಲ್ಲಿ ಫೋಕಸ್ ಮಾಡಲು ಬಾರದ ಕಾರಣ ಕೋಣಗಳು ಹಾದುಹೋಗುವ ಜಾಗಕ್ಕೆ ಮೊದಲೇ ಫೋಕಸ್ ಹೊಂದಿಸಿಟ್ಟುಕೊಳ್ಳಬೇಕು.

ಎರಡು ಮಸೂರಗಳ ನಡುವೆ ಅಂತರವಿರುವುದರಿಂದ ಹತ್ತಿರದ ವಸ್ತುವಿನ ಚಿತ್ರದಲ್ಲಿ ಮೇಲ್ಭಾಗ ಕತ್ತರಿಸಿ ಹೋಗುವುದುಂಟು. ಒಂದೆರಡು ಮೀಟರ್ ದೂರದಿಂದ ಮುಖ ತೆಗೆಯುವಾಗ ತಲೆಯ ಮೇಲೆ ತುಸು ಹೆಚ್ಚು ಜಾಗ ಬಿಡಬೇಕು. 1604ರಲ್ಲಿ ಪ್ರತಿಷ್ಠಾಪಿಸಲಾದ ವೇಣೂರಿನ ಗೊಮ್ಮಟನಂತಹ ಎತ್ತರದ ಮೂರ್ತಿಯನ್ನು ಹತ್ತಿರದಿಂದ, ಕ್ಯಾಮೆರಾವನ್ನು ಮೇಲಕ್ಕೆ ಓರೆಮಾಡಿ ತೆಗೆದರೆ ಮೂರ್ತಿ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಹಿಂದೆ ಸರಿದು ಕ್ಯಾಮೆರಾವನ್ನು ಮಟ್ಟಸವಾಗಿ ಹಿಡಿಯುವುದೇ ಇದಕ್ಕೆ ಪರಿಹಾರ.

ಸಂಸ್ಕರಣೆ

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲಿಯೇ ತೊಳೆಯಬಹುದು. ಕತ್ತಲಲ್ಲಿ ಫಿಲ್ಮನ್ನು ಡಬ್ಬಿಯೊಳಗಿನ ಸುರುಳಿಗೆ ಸುತ್ತಿ ಮುಚ್ಚಳ ಹಾಕಿದ ಮೇಲೆ ಡೆವಲಪರ್, ನೀರು, ಫಿಕ್ಸರ್, ಮತ್ತೆ ನೀರು ಎಂಬ ಕ್ರಮದಲ್ಲಿ ಕೆಲಸ ಸಾಗುತ್ತದೆ. ದ್ರಾವಣಗಳ ಸಮಯವನ್ನು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ಗೆ ನಿಗದಿಪಡಿಸಿರುತ್ತಾರೆ. ಕರಾವಳಿಯ ಬೇಸಗೆಯಲ್ಲಿ ನಲ್ಲಿಯ ನೀರು ಇದಕ್ಕಿಂತ ಬಹಳ ಬೆಚ್ಚಗಿರುವುದರಿಂದ ಚಿತ್ರ ಅತಿಯಾಗಿ ಕಪ್ಪಾಗುವ, ಫಿಲ್ಮಿನ ಮೇಲಿನ ಜಿಲಾಟಿನ್ ಮೆತ್ತಗಾಗಿ ಗೀರು ಬೀಳುವ ಅಪಾಯವಿದೆ. ದ್ರಾವಣದ ಬಾಟಲಿಗಳನ್ನು ಮಂಜುಗಡ್ಡೆ ಹಾಕಿದ ಬೋಗುಣಿಯಲ್ಲಿಟ್ಟು, ತಾಪಮಾಪಕದಿಂದ ನೋಡಿಕೊಂಡೇ ಬಳಸಬೇಕು.

ಕರಾವಳಿಯ ಹವೆ ಮತ್ತು ರಕ್ಷಣೆ

ಈ ಪ್ರದೇಶದಲ್ಲಿ ಹಳೆಯ ಕ್ಯಾಮೆರಾದ ಮುಖ್ಯ ಶತ್ರು ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವದಲ್ಲಿ ಮಸೂರದ ಮೇಲೆ ಜೇಡರ ಬಲೆಯಂತಹ ಎಳೆಗಳು ಹಬ್ಬುತ್ತವೆ. ಮೊದಲಲ್ಲೇ ಗಮನಿಸಿದರೆ ಅದನ್ನು ಶುಚಿಗೊಳಿಸಬಹುದು. ವರ್ಷಗಟ್ಟಲೆ ಬಿಟ್ಟರೆ ಅದು ಗಾಜಿನ ಲೇಪವನ್ನೇ ಕೊರೆದು ಅಳಿಯದ ಕಲೆ ಉಳಿಸುತ್ತದೆ.

ಚರ್ಮದ ಚೀಲ ತೇವವನ್ನು ಹಿಡಿದಿಡುವುದರಿಂದ ಮಳೆಗಾಲದಲ್ಲಿ ಕ್ಯಾಮೆರಾವನ್ನು ಅದರಲ್ಲಿ ಇಡಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಇಡಬೇಕು. ನೀಲಿ ಹರಳುಗಳು ನಸುಗೆಂಪಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ತಿಂಗಳಿಗೊಮ್ಮೆ ಹೊರತೆಗೆದು ಎಲ್ಲ ವೇಗಗಳಲ್ಲಿಯೂ ಶಟರನ್ನು ನಡೆಸಬೇಕು. ಎಣ್ಣೆ ಗಟ್ಟಿಯಾದ ಶಟರ್ 1 ಸೆಕೆಂಡಿನ ವೇಗದಲ್ಲಿ ತಡವರಿಸುವುದು ಕಿವಿಗೇ ತಿಳಿಯುತ್ತದೆ.

ಕ್ಯಾಮೆರಾಕ್ಕಿಂತಲೂ ಹೆಚ್ಚು ಕಾಳಜಿ ಬೇಕಾದದ್ದು ನೆಗೆಟಿವ್‌ಗಳಿಗೆ. ಜಿಲಾಟಿನ್ ಬೂಷ್ಟಿಗೆ ಆಹಾರ. ತೇವದಲ್ಲಿ ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡ ನೆಗೆಟಿವನ್ನು ಬಿಡಿಸುವಾಗ ಚಿತ್ರವೇ ಕಿತ್ತುಬರುವುದುಂಟು. ಆದುದರಿಂದ ಒಂದೊಂದು ಪಟ್ಟಿಯನ್ನೂ ಪ್ರತ್ಯೇಕ ಕಾಗದದ ಲಕೋಟೆಯಲ್ಲಿಟ್ಟು, ಅದರ ಮೇಲೆ ಊರು, ವರ್ಷ, ಸಂದರ್ಭಗಳನ್ನು ಪೆನ್ಸಿಲಿನಲ್ಲಿ ಬರೆದಿಡಬೇಕು. ಮದುವೆ, ಕೋಲ, ಬಯಲಾಟ, ಶಾಲಾ ವಾರ್ಷಿಕೋತ್ಸವ ಇವುಗಳ ಹಳೆಯ ಚಿತ್ರಗಳಿಗೆ ನೆಗೆಟಿವೇ ಏಕೈಕ ಮೂಲ. ಮುದ್ರಿತ ಪ್ರತಿ ಮಾಸಿದರೆ ಮತ್ತೊಂದನ್ನು ಮಾಡಿಸಬಹುದು. ನೆಗೆಟಿವ್ ಹಾಳಾದರೆ ಅದು ಸಾಧ್ಯವಿಲ್ಲ.

ಸಂಗ್ರಹ

ಬೆಳ್ತಂಗಡಿ ತಾಲ್ಲೂಕಿನ ಧರ್ಮಸ್ಥಳದಲ್ಲಿರುವ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಇತರ ಪುರಾತನ ವಸ್ತುಗಳೊಂದಿಗೆ ಹಳೆಯ ಕ್ಯಾಮೆರಾಗಳನ್ನೂ ಪ್ರದರ್ಶಿಸಲಾಗಿದೆ. ಹಳೆಯ ಕ್ಯಾಮೆರಾಗಳ ರಚನೆಯನ್ನು ಹತ್ತಿರದಿಂದ ನೋಡಬಯಸುವ ಆಸಕ್ತರಿಗೆ ಇದು ಉಪಯುಕ್ತ.