ಓರಾ ವಾಷಿಂಗ್ಟನ್: ಆಡಲು ಬಿಡದ ಪಂದ್ಯದ ಚಾಂಪಿಯನ್

ಇಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಕಲಿತ ಒಂದು ಪಾಠ ನನಗೆ ಪತ್ರಿಕೋದ್ಯಮದಲ್ಲೂ ಕೆಲಸಕ್ಕೆ ಬರ್ತಿದೆ. ರೀಡಿಂಗ್ ತೆಗೆದುಕೊಂಡಿಲ್ಲ ಅನ್ನೋದೇ ಬೇರೆ, ರೀಡಿಂಗ್ ಸೊನ್ನೆ ಬಂತು ಅನ್ನೋದೇ ಬೇರೆ. ಅಮೆರಿಕದ ರಾಷ್ಟ್ರೀಯ ಟೆನಿಸ್ ಚಾಂಪಿಯನ್ನರ ಪಟ್ಟಿಯಲ್ಲಿ ಓರಾ ವಾಷಿಂಗ್ಟನ್ ಹೆಸರು ಒಮ್ಮೆಯೂ ಬರಲ್ಲ. ಆಕೆ ಆ ಟೂರ್ನಿಯಲ್ಲಿ ಸೋತವರೂ ಅಲ್ಲ. ಕಪ್ಪು ಆಟಗಾರರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ.

ಯಾರು ಈ ಓರಾ?

19ನೇ ಶತಮಾನದ ಕೊನೆಯಲ್ಲಿ ವರ್ಜೀನಿಯಾದ ಕ್ಯಾರೊಲಿನ್ ಕೌಂಟಿಯ ರೈತ ಕುಟುಂಬದಲ್ಲಿ ಹುಟ್ಟಿದವರು. ಜನನದ ಅಧಿಕೃತ ದಾಖಲೆ ಇಲ್ಲ. 1896ರಿಂದ 1912ರವರೆಗೆ ಆ ರಾಜ್ಯ ಜನನ ನೋಂದಣಿಯನ್ನೇ ಮಾಡುತ್ತಿರಲಿಲ್ಲ. ದಕ್ಷಿಣದ ಬಡತನ, ವರ್ಣಭೇದ ತಾಳಲಾರದೆ ಉತ್ತರದ ನಗರಗಳಿಗೆ ಹೊರಟ ಲಕ್ಷಾಂತರ ಕಪ್ಪು ಜನರ ಹಾಗೆ ಓರಾ ಕೂಡ ಫಿಲಡೆಲ್ಫಿಯಾ ಸೇರಿದರು. ಅಲ್ಲಿನ ಜರ್ಮನ್‌ಟೌನ್ ಬಡಾವಣೆಯಲ್ಲಿ, ಕಪ್ಪು ಮಹಿಳೆಯರಿಗಾಗಿ ಇದ್ದ ವೈಡಬ್ಲ್ಯುಸಿಎಯಲ್ಲಿ ರಾಕೆಟ್ ಹಿಡಿದರು.

ಒಂದು ದೇಶ, ಎರಡು ಚಾಂಪಿಯನ್

1881ರಲ್ಲಿ ಹುಟ್ಟಿದ ಅಮೆರಿಕದ ಲಾನ್ ಟೆನಿಸ್ ಸಂಘ ಬಿಳಿಯರದ್ದಾಗಿತ್ತು. ಹಾಗಾಗಿ ಕಪ್ಪು ಸಮುದಾಯ 1916ರಲ್ಲಿ ಅಮೆರಿಕನ್ ಟೆನಿಸ್ ಅಸೋಸಿಯೇಷನ್ (ಎಟಿಎ) ಕಟ್ಟಿಕೊಂಡಿತು. ಮಾರನೇ ವರ್ಷವೇ ರಾಷ್ಟ್ರೀಯ ಟೂರ್ನಿ ಶುರುವಾಯಿತು.

ಓರಾ ಎಟಿಎ ಸಿಂಗಲ್ಸ್ ಪ್ರಶಸ್ತಿಯನ್ನು 1929ರಿಂದ 1935ರವರೆಗೆ ಸತತ ಏಳು ಸಲ, ಮತ್ತೆ 1937ರಲ್ಲಿ ಗೆದ್ದರು. ಒಟ್ಟು 8. ಮಹಿಳಾ ಡಬಲ್ಸ್‌ನಲ್ಲಿ 1925ರಿಂದ 1936ರವರೆಗೆ ಸತತ 12.

ಅದೇ 1929ರಲ್ಲಿ ಬಿಳಿಯರ ರಾಷ್ಟ್ರೀಯ ಟೂರ್ನಿ ಗೆದ್ದಿದ್ದು ಹೆಲೆನ್ ವಿಲ್ಸ್. 1931ರಲ್ಲೂ ಇಬ್ಬರೂ ತಂತಮ್ಮ ಕಡೆ ಚಾಂಪಿಯನ್. ಆದರೂ ಇವರಿಬ್ಬರ ನಡುವೆ ಒಂದೇ ಒಂದು ಪಂದ್ಯ ನಡೆಯಲಿಲ್ಲ. ಓರಾ ಗೆಲ್ತಿದ್ರು ಅಂತ ನಾನು ಹೇಳಲಾರೆ. ವಿಲ್ಸ್ ಗೆಲ್ತಿದ್ರು ಅಂತ ಹೇಳೋಕೂ ಯಾರ ಬಳಿಯೂ ಪುರಾವೆ ಇಲ್ಲ.

ಇದೇನು ಬಾಯಿಮಾತಿನ ತಾರತಮ್ಯ ಆಗಿರಲಿಲ್ಲ. 1929ರಲ್ಲಿ ರೆಜಿನಾಲ್ಡ್ ವಿಯರ್ ಮತ್ತು ಜೆರಾಲ್ಡ್ ನಾರ್ಮನ್ ಎಂಬ ಇಬ್ಬರು ಕಪ್ಪು ಯುವಕರಿಗೆ ಜೂನಿಯರ್ ಒಳಾಂಗಣ ಟೂರ್ನಿಯಲ್ಲಿ ಪ್ರವೇಶ ನಿರಾಕರಿಸಲಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಪ್ರಶ್ನಿಸಿದಾಗ, ಕಪ್ಪು ಆಟಗಾರರನ್ನು ಸೇರಿಸಿಕೊಳ್ಳದಿರುವುದೇ ತನ್ನ ನೀತಿ ಎಂದು ಸಂಘ ಒಪ್ಪಿಕೊಂಡಿತು.

ಚಳಿಗಾಲಕ್ಕೆ ಬ್ಯಾಸ್ಕೆಟ್‌ಬಾಲ್, ಹೊಟ್ಟೆಪಾಡಿಗೆ ಮನೆಗೆಲಸ

ಟೆನಿಸ್ ಋತು ಮುಗಿದರೆ ಓರಾ ಬ್ಯಾಸ್ಕೆಟ್‌ಬಾಲ್‌ಗೆ ಇಳಿಯುತ್ತಿದ್ದರು. ಕಪ್ಪು ಸಮುದಾಯದ ಪತ್ರಿಕೆ 'ಫಿಲಡೆಲ್ಫಿಯಾ ಟ್ರಿಬ್ಯೂನ್' ಪ್ರಾಯೋಜಿಸಿದ ಮಹಿಳಾ ತಂಡದ ತಾರೆ ಅವರೇ. ಇಷ್ಟೆಲ್ಲ ಆದರೂ ಆಟದಿಂದ ಜೀವನ ಸಾಗಲಿಲ್ಲ. ಬದುಕಿನ ಬಹುಪಾಲು ಅವರು ದುಡಿದಿದ್ದು ಬೇರೆಯವರ ಮನೆಗೆಲಸ ಮಾಡಿ.

1947ರಲ್ಲಿ, ಐವತ್ತರ ಹೊಸ್ತಿಲಲ್ಲಿದ್ದಾಗ, ಜಾರ್ಜ್ ಸ್ಟೀವರ್ಟ್ ಜೊತೆಗೂಡಿ ಎಟಿಎ ಮಿಶ್ರ ಡಬಲ್ಸ್ ಗೆದ್ದರು. ಫೈನಲ್‌ನಲ್ಲಿ ಸೋತ ಜೋಡಿಯಲ್ಲಿದ್ದ ಹುಡುಗಿ ಆಲ್ಥಿಯಾ ಗಿಬ್ಸನ್. ಮೂರೇ ವರ್ಷದಲ್ಲಿ, 1950ರಲ್ಲಿ, ಅಮೆರಿಕದ ರಾಷ್ಟ್ರೀಯ ಟೂರ್ನಿಯಲ್ಲಿ ಆಡಿದ ಮೊದಲ ಕಪ್ಪು ಆಟಗಾರ್ತಿ ಈ ಗಿಬ್ಸನ್. 1957ರಲ್ಲಿ ವಿಂಬಲ್ಡನ್ ಕೂಡ ಗೆದ್ದರು. ಬಾಗಿಲು ತೆಗೆಯುವ ಹೊತ್ತಿಗೆ ಓರಾ ವಯಸ್ಸು ದಾಟಿತ್ತು.

ತಡವಾಗಿ ಬಂದ ಗೌರವ

ಓರಾ 1971ರಲ್ಲಿ ತೀರಿಕೊಂಡರು. 1976ರಲ್ಲಿ ಕಪ್ಪು ಕ್ರೀಡಾಪಟುಗಳ ಹಾಲ್ ಆಫ್ ಫೇಮ್‌ಗೆ ಅವರನ್ನು ಸೇರಿಸಿದಾಗ, ಅವರು ಬದುಕಿಲ್ಲ ಅನ್ನೋದೇ ಆಯೋಜಕರಿಗೆ ಗೊತ್ತಿರಲಿಲ್ಲ. ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ಅವರ ಹೆಸರು ಸೇರಿಸಿಕೊಂಡಿದ್ದು 2018ರಲ್ಲಿ.

'ಸಾರ್ವಕಾಲಿಕ ಶ್ರೇಷ್ಠರು' ಅನ್ನೋ ಪಟ್ಟಿಗಳು ಈಗ ವಾರಕ್ಕೊಂದು ನಮ್ಮ ಫೋನಿಗೆ ಬರ್ತವೆ. 'ಮೆರಿಟ್' ಅನ್ನೋ ಪದ ಅದಕ್ಕಿಂತ ಹೆಚ್ಚು ಸಲ ಬರುತ್ತೆ. ಯಾರು ಗೆದ್ದರು ಅಂತ ನೋಡೋ ಮೊದಲು ಯಾರಿಗೆ ಆಡೋಕೆ ಅವಕಾಶ ಇತ್ತು ಅಂತ ಕೇಳಿ. ನನ್ನ ಮಟ್ಟಿಗೆ, 1929ರ ಅಮೆರಿಕದ ಮಹಿಳಾ ಟೆನಿಸ್ ಚಾಂಪಿಯನ್ ಯಾರು ಅಂದ್ರೆ ಎರಡು ಹೆಸರು ಹೇಳಬೇಕು.