ಸಿ ಭಾಷೆಯಲ್ಲಿ ರೀಎಂಟ್ರೆಂಟ್ ಫಂಕ್ಷನ್

ಅರ್ಧ ಕೆಲಸದಲ್ಲಿರುವ ಫಂಕ್ಷನ್ ಒಂದನ್ನು ನಡುವೆಯೇ ಮತ್ತೆ ಕರೆದರೂ ಎರಡೂ ಕರೆಗಳ ಲೆಕ್ಕ ತಪ್ಪದಿದ್ದರೆ ಅದು ರೀಎಂಟ್ರೆಂಟ್. ಮೆಮೊರಿ ದುಬಾರಿಯಾಗಿದ್ದ 1960ರ ದಶಕದಲ್ಲಿ, ಒಂದೇ ಪ್ರೋಗ್ರಾಮಿನ ಪ್ರತಿಯನ್ನು ಹಲವು ಕೆಲಸಗಳು ಹಂಚಿಕೊಳ್ಳಬೇಕಿದ್ದ ಐಬಿಎಂನ ಓಎಸ್/360ರಲ್ಲೇ ಈ ಕಲ್ಪನೆ ಬಳಕೆಯಲ್ಲಿತ್ತು.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆಯಲ್ಲಿ ಪ್ರತಿ ಕರೆಗೂ ಲೋಕಲ್ ವೇರಿಯಬಲ್‌ಗಳು ಹೊಸದಾಗಿ ಸಿಗುತ್ತವೆ. ಹಾಗಾಗಿ ಭಾಷೆಯಲ್ಲಿ ತೊಡಕಿರಲಿಲ್ಲ. ಎಡವಟ್ಟು ಇದ್ದದ್ದು ಲೈಬ್ರರಿಯಲ್ಲಿ. ತಾರೀಕನ್ನು ಅಕ್ಷರಗಳಲ್ಲಿ ಕೊಡುವ ಸಿಟೈಮ್, ಉತ್ತರವನ್ನು ತನ್ನದೇ ಸ್ಟ್ಯಾಟಿಕ್ ಜಾಗದಲ್ಲಿ ಬರೆದು ಅದರ ವಿಳಾಸವನ್ನಷ್ಟೇ ಕೊಡುತ್ತದೆ. ಒಂದೇ ಪ್ರಿಂಟ್‌ಎಫ್‌ನಲ್ಲಿ ಎರಡು ಬೇರೆ ತಾರೀಕುಗಳಿಗೆ ಅದನ್ನು ಕರೆದರೆ ಒಂದೇ ತಾರೀಕು ಎರಡು ಸಲ ಅಚ್ಚಾಗುತ್ತದೆ. ಯಾವುದು ಎಂಬುದು ಕಂಪೈಲರ್‌ನ ಮರ್ಜಿ!

ಸಾಲನ್ನು ತುಂಡುಗಳಾಗಿ ಒಡೆಯುವ ಸ್ಟ್ರ್‌ಟಾಕ್‌ನ ಕಥೆ ಇನ್ನೂ ಸ್ವಾರಸ್ಯ. 'ಅಕ್ಕಿ,10;ಬೇಳೆ,5' ಎಂಬ ಸಾಲನ್ನು ಹೊರಗಿನ ಲೂಪ್ ಅರ್ಧವಿರಾಮದಲ್ಲಿ, ಒಳಗಿನದು ಅಲ್ಪವಿರಾಮದಲ್ಲಿ ಒಡೆಯಲಿ. ಎಲ್ಲಿಗೆ ನಿಂತೆನೆಂಬುದನ್ನು ಸ್ಟ್ರ್‌ಟಾಕ್ ತನ್ನೊಳಗೆ ಒಂದೇ ಗುರುತಾಗಿ ಇಟ್ಟುಕೊಂಡಿರುತ್ತದೆ. ಒಳಗಿನ ಲೂಪ್ ಆ ಗುರುತನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಅಕ್ಕಿಯ ಲೆಕ್ಕ ಮುಗಿಯುತ್ತಲೇ ಹೊರಗಿನದೂ ನಿಲ್ಲುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಬೇಳೆಯೂ ಇಲ್ಲ.

ಥ್ರೆಡ್‌ಗಳು ಬಂದಮೇಲೆ ಇದನ್ನು ಸಹಿಸುವುದು ಕಷ್ಟವಾಯಿತು. 1995ರ ಪಾಸಿಕ್ಸ್ ಥ್ರೆಡ್ ಮಾನದಂಡ ಹೆಸರಿನ ಕೊನೆಗೆ '_ಆರ್' ಅಂಟಿಸಿದ ಜೋಡಿಗಳನ್ನು ತಂದಿತು. ಸ್ಟ್ರ್‌ಟಾಕ್_ಆರ್‌ನಲ್ಲಿ ಆ ಗುರುತು ಇಡುವ ಜಾಗವನ್ನು ಕರೆದವರೇ ಒದಗಿಸುತ್ತಾರೆ. ಎಲ್ಲ ಜೋಡಿಗಳೂ ಬಾಳಲಿಲ್ಲ: ಡೈರೆಕ್ಟರಿ ಓದುವ ರೀಡ್‌ಡಿರ್_ಆರ್ ಬಳಸಬೇಡಿ ಎಂದು ಲಿನಕ್ಸ್‌ನ ಸಿ ಲೈಬ್ರರಿ ಜಿಲಿಬ್‌ಸಿ 2016ರಲ್ಲಿ ಹೇಳಿತು. ಸಿ ಮಾನದಂಡವಂತೂ ಲೋಕಲ್‌ಟೈಮ್_ಆರ್ ಅನ್ನು ಒಳಗೆ ಬಿಟ್ಟುಕೊಂಡದ್ದು ಸಿ23ರಲ್ಲಿ!

ಥ್ರೆಡ್‌ಗೆ ಸುರಕ್ಷಿತವಾದದ್ದೆಲ್ಲ ರೀಎಂಟ್ರೆಂಟ್ ಅಲ್ಲ. ಮೆಮೊರಿ ಒದಗಿಸುವ ಮಾಲಾಕ್ ಲಾಕ್ ಹಾಕಿಕೊಂಡು ಕೆಲಸ ಮಾಡುತ್ತದೆ, ಥ್ರೆಡ್‌ಗಳು ಸರದಿ ಕಾಯುತ್ತವೆ. ಆದರೆ ಲಾಕ್ ಬಿಡುವ ಮೊದಲೇ ಕೆಲಸವನ್ನು ನಡುವೆ ತಡೆಯುವ ಸಿಗ್ನಲ್ ಬಂದು, ಅದರ ಹ್ಯಾಂಡ್ಲರ್ ಮತ್ತೆ ಮಾಲಾಕ್ ಕರೆದರೆ, ಪ್ರೋಗ್ರಾಮ್ ತನಗಾಗಿ ತಾನೇ ಕಾಯುತ್ತ ಕೂರುವ ಪರಿಸ್ಥಿತಿ.

ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಇದೇ ಜಾತಿಯ ದೋಷವಿದ್ದದ್ದು 2024ರ ಜುಲೈನಲ್ಲಿ ಬಯಲಾಯಿತು. ಗಡುವಿನ 120 ಸೆಕೆಂಡುಗಳೊಳಗೆ ಲಾಗಿನ್ ಮುಗಿಯದಿದ್ದರೆ ಓಡುವ ಸಿಗ್ನಲ್ ಹ್ಯಾಂಡ್ಲರ್, ಘಟನೆಗಳನ್ನು ದಾಖಲಿಸುವ ಸಿಸ್‌ಲಾಗ್ ಅನ್ನು ಕರೆಯುತ್ತಿತ್ತು. ಜಿಲಿಬ್‌ಸಿಯಲ್ಲಿ ಅದು ಮಾಲಾಕ್‌ವರೆಗೆ ಹೋಗುತ್ತದೆ. 2006ರಲ್ಲಿ ಮುಚ್ಚಿದ್ದ ತೂತು 2020ರ ಬದಲಾವಣೆಯೊಂದರಲ್ಲಿ ಮತ್ತೆ ತೆರೆದಿತ್ತು ಎಂದು ಕ್ವಾಲಿಸ್ ಸಂಶೋಧಕರು ತೋರಿಸಿದರು. ಓಪನ್‌ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ಗೆ ಮಾತ್ರ ಏನೂ ಆಗಲಿಲ್ಲ. ಅಲ್ಲಿಯ ಹ್ಯಾಂಡ್ಲರ್ ಕರೆಯುತ್ತಿದ್ದದ್ದು ಓಪನ್‌ಬಿಎಸ್‌ಡಿಯವರೇ 2001ರಲ್ಲಿ ಬರೆದಿಟ್ಟುಕೊಂಡಿದ್ದ ಸಿಸ್‌ಲಾಗ್_ಆರ್ ಅನ್ನು.