ಬೇಡವೆಂದ ದಾನ

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ಆದರೆ ದಾನವಾಗಿ ಬರುವುದು ಹಸುವಲ್ಲ, ಕಾಲಿಟ್ಟರೆ ಹೂತುಹೋಗುವ ಜೌಗು ನೆಲ ಎಂದಾದರೆ? ನಗರಸಭೆಯಾಗಲಿ, ಸಂಸ್ಥೆಯಾಗಲಿ ಹಿಂದೆಮುಂದೆ ನೋಡುವುದು ಸಹಜ. ಇದರಿಂದ ಯಾರಿಗೆ ಪ್ರಯೋಜನ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಇಂಗ್ಲೆಂಡಿನ ವುಡ್‌ವಾಲ್ಟನ್ ಫೆನ್ ನೂರು ವರ್ಷಗಳ ಹಿಂದೆ ಇದೇ ಪ್ರಶ್ನೆಗೆ ಸಿಲುಕಿತ್ತು.

ಪೂರ್ವ ಇಂಗ್ಲೆಂಡಿನಲ್ಲಿ ಸದಾ ನೀರು ನಿಲ್ಲುವ, ಜೊಂಡು ಬೆಳೆಯುವ ತಗ್ಗು ನೆಲಕ್ಕೆ ಫೆನ್ ಎಂದು ಹೆಸರು. 17ನೇ ಶತಮಾನದಿಂದ ಈ ನೆಲದಲ್ಲಿ ಬಸಿಗಾಲುವೆ ತೋಡಿ, ನೀರು ಹರಿಸಿ, ಹೊಲ ಮಾಡುತ್ತ ಬಂದರು. 1851ರಲ್ಲಿ ವಿಟಲ್‌ಸೀ ಮಿಯರ್ ಎಂಬ ದೊಡ್ಡ ಸರೋವರವೂ ಬರಿದಾಯಿತು. ನೀರು ಹೋದಂತೆ ಪೀಟ್ ಎಂಬ ಕಪ್ಪು ಮಣ್ಣು ಒಣಗಿ ಕುಗ್ಗಿತು. ಎಷ್ಟು ಕುಗ್ಗುತ್ತದೆಂದು ತಿಳಿಯಲು ಹತ್ತಿರದ ಹೋಮ್ ಫೆನ್‌ನಲ್ಲಿ ತುದಿ ನೆಲಮಟ್ಟಕ್ಕೆ ಬರುವಂತೆ ಆಗ ಹೂತಿದ್ದ ಕಬ್ಬಿಣದ ಕಂಬ ಈಗ ಸುಮಾರು 4 ಮೀಟರ್ ಹೊರಗೆ ಕಾಣುತ್ತದೆ. ಫೆನ್‌ಗಳ ಹೆಮ್ಮೆಯಾಗಿದ್ದ ಲಾರ್ಜ್ ಕಾಪರ್ ಎಂಬ ತಾಮ್ರವರ್ಣದ ಚಿಟ್ಟೆಯೂ ಸುಮಾರು ಅದೇ ಕಾಲಕ್ಕೆ ಬ್ರಿಟನ್ನಿನಿಂದ ಮಾಯವಾಯಿತು.

ಅಳಿದುಳಿದ ತುಣುಕುಗಳನ್ನು ಕಾಯಲು ಮುಂದಾದವರು ಲಂಡನ್ನಿನ ಹೆಸರಾಂತ ಬ್ಯಾಂಕಿಂಗ್ ಮನೆತನದ ಚಾರ್ಲ್ಸ್ ರಾತ್ಸ್‌ಚೈಲ್ಡ್. ವೃತ್ತಿಯಿಂದ ಬ್ಯಾಂಕರ್, ಒಲವಿನಿಂದ ಕೀಟಶಾಸ್ತ್ರಜ್ಞ. ಇಲಿ ಚಿಗಟವೊಂದನ್ನು 1903ರಲ್ಲಿ ವೈಜ್ಞಾನಿಕವಾಗಿ ವಿವರಿಸಿ ಹೆಸರಿಟ್ಟವರು ಅವರೇ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ಪ್ಲೇಗ್ ರೋಗವನ್ನು ಹರಡುವುದರಲ್ಲಿ ಈ ಚಿಗಟದ ಪಾತ್ರ ದೊಡ್ಡದೆಂಬುದು ಆಮೇಲೆ ತಿಳಿಯಿತು.

1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್, ವಿಕೆನ್ ಫೆನ್‌ನಲ್ಲಿ 1899ರಲ್ಲಿ 2 ಎಕರೆ ನೆಲವನ್ನು 10 ಪೌಂಡಿಗೆ ಕೊಂಡಿತ್ತು. 1901ರಲ್ಲಿ ರಾತ್ಸ್‌ಚೈಲ್ಡ್ ಅಲ್ಲಿಯೇ ಇನ್ನಷ್ಟು ನೆಲವನ್ನು ದಾನ ಮಾಡಿದರು, ಟ್ರಸ್ಟ್ ಸ್ವೀಕರಿಸಿತು. 1910ರಲ್ಲಿ ಅವರು ವುಡ್‌ವಾಲ್ಟನ್‌ನ 339 ಎಕರೆ ಕೊಂಡು, ಅದನ್ನೂ ಕೊಡಲು ಹೋದರು. ಈ ಸಲ ಟ್ರಸ್ಟ್ ಬೇಡವೆಂದಿತು. ಪ್ರಕೃತಿ ವಿಜ್ಞಾನಿಗಳನ್ನು ಬಿಟ್ಟರೆ ಬೇರೆಯವರಿಗೆ ಅಲ್ಲಿ ಆಸಕ್ತಿಯ ವಿಷಯವಿಲ್ಲ ಎಂಬುದು ಹೇಳಲಾಗುವ ಕಾರಣ.

ಆದರೆ ಆ ನಿರಾಕರಣೆ ಕೊನೆಯ ಮಾತಾಗಲಿಲ್ಲ. 1912ರಲ್ಲಿ ರಾತ್ಸ್‌ಚೈಲ್ಡ್ ಪ್ರಕೃತಿ ತಾಣಗಳ ರಕ್ಷಣೆಗಾಗಿ ಸಂಘವೊಂದನ್ನು ಕಟ್ಟಿದರು. ಜಾಗ ಗುರುತಿಸಿ ಟ್ರಸ್ಟ್‌ನಂಥ ಸಂಸ್ಥೆಗಳಿಗೆ ಒಪ್ಪಿಸುವುದು ಅದರ ಉದ್ದೇಶವಾಗಿತ್ತೇ ಹೊರತು ತಾನೇ ಜಮೀನುದಾರನಾಗುವುದಲ್ಲ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕಾಪಾಡಬೇಕಾದ 284 ತಾಣಗಳ ಪಟ್ಟಿಯನ್ನು ಸಂಘ ಸಿದ್ಧಪಡಿಸಿತು. ಯಾರಿಗೂ ಬೇಡವಾದ ವುಡ್‌ವಾಲ್ಟನ್ 1919ರಲ್ಲಿ ಈ ಸಂಘದ ಮಡಿಲಿಗೇ ಬಂತು. ನಾಲ್ಕು ವರ್ಷಗಳಲ್ಲಿ ದಾನಿ ತೀರಿಕೊಂಡರು.

ದಾನ ಪಡೆದರೆ ಮುಗಿಯಲಿಲ್ಲ. ಸುತ್ತಲಿನ ಹೊಲಗಳು ಕುಗ್ಗುತ್ತ ಹೋದಂತೆ ಫೆನ್ ಅವುಗಳಿಗಿಂತ ಎತ್ತರದಲ್ಲಿ ಉಳಿಯಿತು. ಅದರ ನೀರು ಹೊರಗೆ ಬಸಿಯತೊಡಗಿತು. ನೆಲ ಒಣಗಿದಲ್ಲೆಲ್ಲ ಪೊದೆ ಹಬ್ಬಿತು. ಪೊದೆ ಸವರಬೇಕು, ಜೊಂಡು ಕೊಯ್ಯಬೇಕು, ನೀರು ತಡೆಯಲು ಜೇಡಿಮಣ್ಣಿನ ಒಡ್ಡು ಹಾಕಬೇಕು. 1927ರಲ್ಲಿ ಹಾಲೆಂಡಿನ ಲಾರ್ಜ್ ಕಾಪರ್ ಚಿಟ್ಟೆಯನ್ನು ತಂದು ಇಲ್ಲಿ ಬಿಟ್ಟರು. ಸಾಕಿದ ಚಿಟ್ಟೆಗಳನ್ನು ಮತ್ತೆ ಮತ್ತೆ ಬಿಟ್ಟರೂ ಸಂತತಿ ನೆಲೆಗೊಳ್ಳಲಿಲ್ಲ. 1990ರ ದಶಕದಲ್ಲಿ ಆ ಪ್ರಯತ್ನ ಕೊನೆಗೊಂಡಿತು. ಕಳೆದುಕೊಂಡದ್ದನ್ನು ಮರಳಿ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಇದೇ ಸಾಕ್ಷಿ.

ಆದರೂ ನೆಲ ಉಳಿಯಿತು. 1954ರಲ್ಲಿ ರಾಷ್ಟ್ರೀಯ ಪ್ರಕೃತಿ ಧಾಮವೆಂಬ ಮನ್ನಣೆ, 1995ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೆಂಬ ಗೌರವ ಬಂದವು. 2001ರಲ್ಲಿ ಆರಂಭವಾದ ಗ್ರೇಟ್ ಫೆನ್ ಯೋಜನೆ ವುಡ್‌ವಾಲ್ಟನ್ ಹಾಗೂ ಹೋಮ್ ಫೆನ್‌ಗಳ ನಡುವಿನ ಹೊಲಗಳನ್ನು ಮತ್ತೆ ಜೌಗು ಮಾಡಲು ಹೊರಟಿದೆ. ಒಟ್ಟು ಗುರಿ ಸುಮಾರು 9,000 ಎಕರೆ. ಹಿಂದೆ ದುಡ್ಡು ಸುರಿದು ನೀರು ಹೊರಹಾಕಿದ ನೆಲಕ್ಕೆ ಈಗ ದುಡ್ಡು ಸುರಿದು ನೀರು ತರಬೇಕಾಗಿದೆ.

ಜೌಗು ನೆಲ ದಾನವಾಗಿ ಬಂದಾಗ ಹಲ್ಲು ಎಣಿಸುವುದು ತಪ್ಪಲ್ಲ. ನೋಡಲು ಎಷ್ಟು ಜನ ಬರುತ್ತಾರೆ ಎಂಬ ಲೆಕ್ಕ ಮಾತ್ರ ಸಾಲದು. ಇದರ ನೀರನ್ನು ಮುಂದಿನ ನೂರು ವರ್ಷ ಕಾಯುವವರು ಯಾರು, ಅದಕ್ಕೆ ಹಣ ಎಲ್ಲಿಂದ ಎಂಬ ಲೆಕ್ಕವೂ ಬೇಕು. ಬೇಡವೆಂದ ಮೇಲೆ ಇನ್ನೊಬ್ಬರು ಕೈಚಾಚುವ ಅದೃಷ್ಟ ಎಲ್ಲ ಜೌಗುಗಳಿಗೂ ಇರುವುದಿಲ್ಲ.